ಚಾಪೆ ಮಾಯವಾದ ದಿನ

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡರು. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಅಕ್ಕ ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತಂಗಿಯನ್ನು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಾಗ ಭಾವ ಹೆಚ್ಚು ಮಾತಾಡಲಿಲ್ಲ. "ಕಿಟಕಿ ಪಕ್ಕದ ಮಂಚ ಈ ಗುಬ್ಬೀಗಿರಲಿ, ಗಾಳಿ ಚೆನ್ನಾಗಿ ಬರುತ್ತೆ" ಅಂದರು, ಅಷ್ಟೆ. ಅವತ್ತಿನಿಂದ ಅವಳು ಆ ಮನೆಗೆ ಗುಬ್ಬಿಯಾದಳು.

ಭಾವ ಊರಾಚೆಯ ವೀಕ್ಷಣಾ ಕೇಂದ್ರದಲ್ಲಿ ಮೆಕ್ಯಾನಿಕ್. ಕೇಂದ್ರ ಅಂದರೆ ದೊಡ್ಡದೇನಲ್ಲ: ಸಾಲಾಗಿ ನಾಲ್ಕು ಕೋಣೆ, ಹಿಂದೆ ಹುಲ್ಲುಬಯಲಿನಲ್ಲಿ ಎತ್ತರದ ಕಂಬಗಳ ನಡುವೆ ಎಳೆದು ಕಟ್ಟಿದ ಆಂಟೆನಾ ತಂತಿ, ಇನ್ನೂ ಆಚೆಗೆ ಒಂದು ಮರದ ಗುಡಿಸಲು. ಆ ಗುಡಿಸಲಿಗೆ ಒಂದು ಕಬ್ಬಿಣದ ಮೊಳೆಯನ್ನೂ ಹೊಡೆದಿರಲಿಲ್ಲ, ಎಲ್ಲ ಹಿತ್ತಾಳೆಯದೇ. ಒಳಗೆ ಭೂಮಿಯ ಕಾಂತಬಲವನ್ನು ಅಳೆಯುವ ಉಪಕರಣವಿದ್ದುದರಿಂದ, ಹೋಗುವವರು ಬೀಗದ ಕೈ, ಬೆಲ್ಟು ಎಲ್ಲ ಹೊರಗೇ ಬಿಚ್ಚಿಟ್ಟು ಹೋಗಬೇಕು. ಶಾಲೆಗೆ ರಜೆ ಇದ್ದಾಗ ಹುಡುಗಿ ಭಾವನ ಹಿಂದೆಯೇ ಅಲ್ಲಿಗೆ ಹೋಗುತ್ತಿದ್ದಳು. ತಲೆಗೂದಲಿನ ಪಿನ್ನುಗಳನ್ನು ಕೂಡ ಭಾವ ಒಂದೊಂದಾಗಿ ತೆಗೆಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಕೇಂದ್ರದ ಮುಖ್ಯ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಮೇಲಕ್ಕೆ ರೇಡಿಯೋ ಅಲೆಗಳನ್ನು ಕಳಿಸುತ್ತಿತ್ತು. ನೂರು ಕಿಲೋಮೀಟರಿನಿಂದಾಚೆ ಬಿಸಿಲಿನ ಹೊಡೆತಕ್ಕೆ ಗಾಳಿಯ ಕಣಗಳು ಒಡೆದು ವಿದ್ಯುತ್ತು ತುಂಬಿಕೊಂಡಿರುತ್ತವಲ್ಲ, ಆ ಪದರಕ್ಕೆ ತಾಗಿ ಅಲೆಗಳು ವಾಪಸು ಬರುತ್ತಿದ್ದವು. ಬಂದ ಹೊತ್ತನ್ನು ಲೆಕ್ಕ ಹಾಕಿದರೆ ಪದರ ಎಷ್ಟು ಎತ್ತರದಲ್ಲಿದೆ, ಎಷ್ಟು ದಟ್ಟವಾಗಿದೆ ಅಂತ ಗೆರೆ ಮೂಡುತ್ತಿತ್ತು. ಆ ಕೇಂದ್ರವಿದ್ದ ಜಾಗವೂ ಅಂಥದೇ: ಕಾಂತದ ಮುಳ್ಳು ಮೇಲಕ್ಕೂ ಏಳದೆ ಕೆಳಕ್ಕೂ ಬಾಗದೆ ನೆಟ್ಟಗೆ ಮಲಗುವ ರೇಖೆಯ ಮೇಲೆ.

"ನಮ್ಮ ತಲೆ ಮೇಲೆ ಹಗಲು ಹೊತ್ತು ಒಂದು ಹೊಳೆ ಹರೀತಿರುತ್ತೆ ಗುಬ್ಬಿ. ನೀರಿನದಲ್ಲ, ಕರೆಂಟಿನದು. ಪಡುವಣದಿಂದ ಮೂಡಣಕ್ಕೆ. ಬೇರೆ ಕಡೆ ಇಷ್ಟು ಜೋರಾಗಿರಲ್ಲ, ಈ ರೇಖೆ ಮೇಲೆ ಮಾತ್ರ" ಎಂದು ಭಾವ ಹೇಳಿಕೊಟ್ಟಿದ್ದರು. ಆ ಹೊಳೆ ಹರಿಯುವಾಗ ನೂರು ಕಿಲೋಮೀಟರಿನ ಹತ್ತಿರ ಒಂದು ಅಗಲವಾದ, ನೂಲುನೂಲಾದ ಗೆರೆ ಮೂಡುತ್ತಿತ್ತು. ಅದಕ್ಕೆ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಭಾವ ಅದನ್ನು ಚಾಪೆ ಅನ್ನುತ್ತಿದ್ದರು. ಬೆಳಿಗ್ಗೆ ಹಾಸುತ್ತದೆ, ಸಂಜೆ ಸುತ್ತಿಡುತ್ತದೆ. ಹತ್ತು ವರ್ಷ ತುಂಬುವಷ್ಟರಲ್ಲಿ ಹುಡುಗಿ ಚಾಪೆ ನೋಡಿಯೇ ಗಂಟೆ ಎಷ್ಟೆಂದು ಹೇಳುತ್ತಿದ್ದಳು.

ಹೀಗೆ ಬೆಳೆದವಳು ಅದೇ ವಿದ್ಯೆ ಓದಿ, ದೂರದ ಊರುಗಳಲ್ಲಿ ಹನ್ನೆರಡು ವರ್ಷ ದುಡಿದು, ಮೂವತ್ತೆಂಟನೆಯ ವಯಸ್ಸಿಗೆ ಅದೇ ಕೇಂದ್ರಕ್ಕೆ ಮುಖ್ಯಸ್ಥೆಯಾಗಿ ಬಂದಳು. ಅವಳ ವಸತಿಗೃಹಕ್ಕೂ ಅಕ್ಕನ ಮನೆಗೂ ನಡುವೆ ಒಂದು ಗೋಡೆ. ಮನೆಯಲ್ಲಿ ಅವಳು ಗುಬ್ಬಿ. ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಭಾವ "ಮೇಡಂ" ಅನ್ನುತ್ತಿದ್ದರು. ಹಾಗನ್ನುವಾಗ ಅವರ ಮೀಸೆಯಡಿಯಲ್ಲಿ ಒಂದು ನಗು ಇರುತ್ತಿತ್ತು, ಯಾರಿಗೂ ಕಾಣದ ಹಾಗೆ.

ಅವಳು ಬಂದ ಎರಡನೆಯ ವರ್ಷ ಒಂದು ಪರಿಶೀಲನಾ ತಂಡ ಬರುವುದಾಗಿ ಸುದ್ದಿ ಬಂತು. ಹಲವು ಕೇಂದ್ರಗಳು ಸೇರಿ ಒಂದು ಜಾಲ ಮಾಡುತ್ತಿದ್ದವು; ಅದಕ್ಕೆ ಈ ಕೇಂದ್ರ ಸೇರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರು. ತಂಡ ಬರುವ ಹಿಂದಿನ ದಿನ, ಮಂಗಳವಾರ, ಸೂರ್ಯನಿಂದ ಹೊರಟ ಕಣಗಳ ಅಲೆಯೊಂದು ಬಂದು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿತು. ಐದಾರು ವರ್ಷಗಳಲ್ಲಿ ಕಾಣದಂಥ ಕಾಂತ ಬಿರುಗಾಳಿ. ಅಪ್ಪಳಿಸಿದ ಕೆಲವೇ ನಿಮಿಷಗಳಲ್ಲಿ ಧ್ರುವಗಳ ಕಡೆಯ ವಿದ್ಯುತ್ ಬಲ ಈ ರೇಖೆಯ ತನಕ ಚಾಚಿತು. ಹೊಳೆ ಉಕ್ಕಿತು, ಚಾಪೆಗಿಂತ ಮೇಲಿನ ಪದರ ನೋಡನೋಡುತ್ತ ನೂರಾರು ಕಿಲೋಮೀಟರು ಏರಿತು. ಅವಳಿಗೆ ಹಬ್ಬ. ಸಂಜೆಯ ಹೊತ್ತಿಗೆ ಎಲ್ಲ ಇಳಿಯಿತು. "ಬಿರುಗಾಳಿ ಮುಗೀತು. ನಾಳೆ ಬರೋರಿಗೆ ತೋರಿಸೋಕೆ ಇದಕ್ಕಿಂತ ಇನ್ನೇನು ಬೇಕು" ಎಂದು ಅವಳು ಖುಷಿಯಿಂದ ಹೇಳಿಕೊಂಡಳು. ಅದೇ ಸಂಜೆ ಆಂಟೆನಾದ ಕೇಬಲ್ಲಿನ ಒಂದು ಜೋಡಣೆ ಬಿರುಕು ಬಿಟ್ಟಿರುವುದು ಕಂಡು ಭಾವ ಅದನ್ನು ಬದಲಾಯಿಸಿದರು. ಹಾಗೆ ಬದಲಾಯಿಸಲು ಸಹಿ ಹಾಕಿದವಳೂ ಅವಳೇ.

ಬುಧವಾರ ಹತ್ತೂವರೆಗೆ ಮೂವರು ಬಂದರು. ತಂಡದ ಹಿರಿಯರು ನಕ್ಷತ್ರಗಳನ್ನು ನೋಡುವ ವಿಭಾಗದವರು; ಉಳಿದಿಬ್ಬರಲ್ಲಿ ಒಬ್ಬರು ಉಪಗ್ರಹ ಸಂಪರ್ಕದವರು, ಇನ್ನೊಬ್ಬರು ಆಡಳಿತದವರು. ಹಿಂದಿನ ದಿನದ ಗೆರೆಗಳನ್ನು ನೋಡಿ ಮೂವರೂ ತಲೆದೂಗಿದರು. ಬಿರುಗಾಳಿ ನಿನ್ನೆಯೇ ಮುಗಿಯಿತು ಎಂದು ಅವಳು ಅವರಿಗೂ ಹೇಳಿದಳು. ಆಮೇಲೆ ಹಿರಿಯರು, "ಈಗ ಏನು ಬರ್ತಿದೆ ನೋಡೋಣ" ಅಂದರು.

ಪರದೆಯ ಮೇಲೆ ಚಾಪೆ ಇರಲಿಲ್ಲ.

ಬಿಸಿಲು ಸುಡುತ್ತಿದ್ದ ಹಗಲು ಹತ್ತೂಮುಕ್ಕಾಲಕ್ಕೆ ನೂರು ಕಿಲೋಮೀಟರಿನ ಜಾಗ ಒರೆಸಿಟ್ಟ ಹಾಗೆ ಖಾಲಿ. ಮೇಲಿನ ಪದರವೋ, ಈ ಹೊತ್ತಿಗೆ ಮೇಲೆದ್ದು ಎರಡೂ ಕಡೆಗೆ ಹಂಚಿಹೋಗಿ ತೆಳ್ಳಗಾಗಬೇಕಾದ್ದು, ಕೆಳಗೆ ಕೂತು ದಪ್ಪವಾಗುತ್ತಿತ್ತು. ಅವಳು ಹತ್ತೂವರೆಯದು, ಹತ್ತೂಕಾಲಿನದು, ಹತ್ತರದು, ಅದಕ್ಕೂ ಹಿಂದಿನದು ತೆಗೆದು ನೋಡಿದಳು. ಒಂಬತ್ತೂವರೆಯಿಂದಲೇ ಇಲ್ಲ.

"ಬಿರುಗಾಳಿ ಮುಗೀತು ಅಂದ್ರಲ್ಲ. ಹಾಗಾದ್ರೆ ಇದೇನು?" ಎಂದು ಹಿರಿಯರು ಕೇಳಿದರು. ಕೇಳಿದ ದನಿಯಲ್ಲಿ ಸಂಶಯವಿರಲಿಲ್ಲ, ಕುತೂಹಲ ಅಷ್ಟೆ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಅವಳ ಬಾಯಿಂದ ಆ ಮಾತು ಹೊರಡಲಿಲ್ಲ.

"ನಿನ್ನೆ ಸಂಜೆ ನಮ್ಮ ಮೆಕ್ಯಾನಿಕ್ ಕೇಬಲ್ ಬಿಚ್ಚಿದ್ರು. ಸರಿಯಾಗಿ ಜೋಡಿಸಿಲ್ಲ ಅನ್ಸುತ್ತೆ" ಅಂದಳು.

ಭಾವ ಯಂತ್ರದ ಹಿಂದೆಯೇ ನಿಂತಿದ್ದರು. ಕೈಯಲ್ಲಿ ಟೆಸ್ಟರ್ ಇತ್ತು. "ಮೇಡಂ, ಮೆಷಿನ್ ಸರಿ ಇದೆ. ಬೆಳಿಗ್ಗೆ ಏಳಕ್ಕೆ ಪರೀಕ್ಷೆ ಮಾಡಿದೀನಿ, ಈಗಲೂ ಮಾಡ್ದೆ. ಮೇಲೇ ಏನೋ ಆಗಿದೆ ಅನ್ಸುತ್ತೆ" ಎಂದು ಮೆಲ್ಲಗೆ ಹೇಳಿದರು.

"ಮೇಲೇನಾಗಿದೆ ಅಂತ ಹೇಳೋಕೆ ನಾನಿದೀನಿ. ಮೂವತ್ತು ವರ್ಷ ವೈರು ಜೋಡಿಸಿದೋರಿಗೆಲ್ಲ ಆಕಾಶ ಅರ್ಥ ಆಗೋ ಹಾಗಿದ್ರೆ ನಾವು ಯಾಕೆ ಓದಬೇಕಿತ್ತು?"

ಆಡಳಿತದವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಟೈಪಿಸ್ಟು ನೆಲ ನೋಡಿದಳು. ಭಾವ ಟೆಸ್ಟರನ್ನು ಅಂಗಿಯ ಜೇಬಿಗೆ ಸಿಕ್ಕಿಸಿ, "ಸರಿ ಮೇಡಂ" ಎಂದರು. ಮೀಸೆಯಡಿ ನಗು ಇರಲಿಲ್ಲ.

"ಇವರು ತುಂಬಾ ಹಳಬರಾ?" ಎಂದು ಹಿರಿಯರು ಆಮೇಲೆ ಕೇಳಿದರು.

"ಹೌದು, ವಯಸ್ಸಾಯ್ತು" ಅಂದಳು. ನಮ್ಮ ಭಾವ ಅನ್ನಲಿಲ್ಲ.

ಊಟ ಮುಗಿಸಿ ಮೂವರೂ ಹೊರಟರು. ಹೊರಡುವ ಮುಂಚೆ ಹಿರಿಯರು, "ತಪ್ಪಾದಾಗ ಮುಲಾಜು ನೋಡದ ಅಧಿಕಾರಿಗಳು ಕಡಿಮೆ. ಕಾಗದದ ಮೇಲೂ ಅದು ಬರಲಿ" ಎಂದು ಅವಳ ಬೆನ್ನು ತಟ್ಟಿ ಹೋದರು.

ನಾಲ್ಕು ಗಂಟೆಗೆ ಅವಳು ತನ್ನ ಕೋಣೆಯಲ್ಲಿ ಕೂತು ಮರದ ಗುಡಿಸಲಿನಿಂದ ಬಂದ ಕಾಂತಬಲದ ಹಾಳೆಯನ್ನು ಬಿಡಿಸಿದಳು. ದಿನಾ ನಡುಹಗಲಿಗೆ ಗುಡ್ಡದ ಹಾಗೆ ಏಳುವ ಗೆರೆ ಅವತ್ತು ಬೋಗುಣಿಯ ಹಾಗೆ ಕುಳಿಬಿದ್ದಿತ್ತು. ಒಂಬತ್ತೂವರೆಗೆ ಇಳಿಯಲು ಶುರು, ಮೂರೂವರೆಗೆ ವಾಪಸು. ಚಾಪೆ ಮಾಯವಾದದ್ದೂ ಅಷ್ಟೇ ಹೊತ್ತು.

ಆ ಗುಡಿಸಲಿಗೂ ಯಂತ್ರಕ್ಕೂ ಒಂದು ತಂತಿಯ ಸಂಬಂಧವೂ ಇಲ್ಲ. ಎರಡೂ ಕೂಡಿ ಸುಳ್ಳು ಹೇಳಲಾರವು. ಅವಳಿಗೆ ಆ ಕ್ಷಣದಲ್ಲೇ ಎಲ್ಲ ಹೊಳೆಯಿತು. ಬಿರುಗಾಳಿಯ ಮೊದಲ ಪೆಟ್ಟು ನಿಮಿಷಗಳಲ್ಲಿ ಬರುತ್ತದೆ, ಎರಡನೆಯದು ತಡವಾಗಿ. ಧ್ರುವಗಳ ಮೇಲಿನ ಗಾಳಿ ಕಾದು, ಅಲ್ಲಿಂದ ಬೀಸಿಕೊಂಡು ಬಂದು, ಒಂದು ದಿನದ ಮೇಲೆ ಇಲ್ಲಿಯ ಹೊಳೆಯನ್ನೇ ಹಿಂದಕ್ಕೆ ತಿರುಗಿಸಬಲ್ಲದು. ಹೊಳೆ ತಿರುಗಿದರೆ ಚಾಪೆ ಇರುವುದಿಲ್ಲ. ಇದನ್ನು ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಯಂತ್ರ ಸರಿಯಾಗಿತ್ತು. ಭಾವ ಹೇಳಿದ್ದೇ ಸರಿಯಾಗಿತ್ತು.

ಅವಳು ಹಾಳೆಯನ್ನು ಒಂದು ನಿಮಿಷ ನೋಡಿದಳು. ಮಡಚಿದಳು. ಡ್ರಾಯರಿನೊಳಗಿಟ್ಟಳು. ಹಾಳೆಯ ಕುಳಿ ನಿನ್ನೆಯದರ ಉಳಿಕೆ, ಚಾಪೆ ಹೋದದ್ದು ಕೇಬಲ್ಲಿನಿಂದಲೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಅಲ್ಲ ಎಂದು ಗೊತ್ತಿದ್ದೂ. ಮರುದಿನ ಬೆಳಿಗ್ಗೆ ಆ ಆರು ಗಂಟೆಗಳ ದಾಖಲೆಯ ಎದುರು "ಯಂತ್ರದೋಷ, ರದ್ದು" ಎಂದು ಬರೆದು, ನಿರ್ವಹಣೆಯಲ್ಲಿ ಅಲಕ್ಷ್ಯವಾಗಿದೆಯೆಂದು ಭಾವನ ಹೆಸರು ಹಾಕಿ ಪ್ರಧಾನ ಕಚೇರಿಗೆ ಕಾಗದ ಕಳಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತಿಗೂ ಜ್ವರವಿರಲಿಲ್ಲ, ಬರೆ ಮಾತ್ರ ಬಿತ್ತು. ಹದಿನೈದು ದಿನಕ್ಕೆ ಆದೇಶ ಬಂತು: ಯಂತ್ರದ ಕೋಣೆಯಿಂದ ಉಗ್ರಾಣಕ್ಕೆ. ಭಾವ ಕಾಗದವನ್ನು ಓದಿ, ಎರಡು ಪ್ರತಿಗೂ ಸಹಿ ಹಾಕಿ, ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದರು.

ಆ ಭಾನುವಾರ ಎಂದಿನಂತೆ ಅಕ್ಕನ ಮನೆಯಲ್ಲಿ ಊಟ. ಹೋಗದಿದ್ದರೆ ಎದ್ದು ಕಾಣುತ್ತದೆ ಎಂದು ಅವಳು ಹೋದಳು. ಅಕ್ಕ ಎಲ್ಲ ಬಡಿಸಿ ತಾನೂ ಕೂತಳು. ನೀರಿನ ಜಗ್ಗು ಭಾವನ ಹತ್ತಿರವಿತ್ತು.

"ನೀರು ಬೇಕಾ ಮೇಡಂ?" ಎಂದು ಭಾವ ಕೇಳಿದರು.

ಚುಚ್ಚಲು ಹೇಳಿದ ಮಾತಲ್ಲ ಅದು. ಚುಚ್ಚಲು ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕ ಗಂಡನ ಮುಖ ನೋಡಿದಳು, ತಂಗಿಯ ಮುಖ ನೋಡಿದಳು. ಆಮೇಲಿನ ಭಾನುವಾರಗಳಲ್ಲಿ ಅವಳಿಗೆ ಏನೇನೋ ಕೆಲಸ ಬೀಳತೊಡಗಿತು. ಕಚೇರಿಯಲ್ಲಿ ಉಗ್ರಾಣದ ಮುಂದೆ ಹಾದುಹೋಗುವುದನ್ನು ತಪ್ಪಿಸಲು ಹಿಂದಿನ ಬಾಗಿಲಿನಿಂದ ಓಡಾಡಿದಳು. ಯಾರಾದರೂ "ಅವತ್ತು" ಎಂದು ಮಾತು ಶುರುಮಾಡಿದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ತಾನಾಗಿಯೇ ಡ್ರಾಯರಿನ ಮೇಲೆ ಹೋಗುತ್ತಿತ್ತು. ಕೇಂದ್ರ ಜಾಲಕ್ಕೆ ಸೇರಿತು. ಅಭಿನಂದನೆಯ ಪತ್ರ ಬಂತು. ಅದನ್ನು ಅವಳು ಪೂರ್ತಿ ಓದಲೇ ಇಲ್ಲ.

ಒಂಬತ್ತು ತಿಂಗಳಾದ ಮೇಲೆ ಒಂದು ಇ-ಮೇಲ್ ಬಂತು. ಅದೇ ರೇಖೆಯ ಮೇಲೆ, ಸಮುದ್ರದಾಚೆ ಇದ್ದ ಇನ್ನೊಂದು ಕೇಂದ್ರದ ಸಂಶೋಧಕಿಯದು. "ಆ ಬುಧವಾರ ನಮ್ಮಲ್ಲಿ ಸುಮಾರು ನಾಲ್ಕು ಗಂಟೆ ಕಾಲ ವಿದ್ಯುತ್ ಪ್ರವಾಹ ಹಿಮ್ಮುಖವಾಗಿತ್ತು. ನಿಮ್ಮ ಕಡೆ ಹೇಗಿತ್ತು ಎಂದು ನೋಡಹೋದರೆ ಪಟ್ಟಿಯಲ್ಲಿ ಯಂತ್ರದೋಷ, ರದ್ದು ಎಂದಿದೆ. ದೋಷ ಏನಿತ್ತು ಎಂದು ತಿಳಿಸಬಹುದೇ? ಅದು ನಿಜವಾದ ದಾಖಲೆಯಾಗಿದ್ದರೆ ನಮಗೆ ಬಹಳ ಮುಖ್ಯ" ಎಂದು ಬರೆದಿದ್ದಳು.

ರದ್ದಾದ ದಾಖಲೆಗಳನ್ನು ಅಳಿಸಬಾರದೆಂಬ ನಿಯಮವಿದ್ದುದರಿಂದ ಆ ಆರು ಗಂಟೆಗಳ ದಾಖಲೆಯೂ ಹಾಗೇ ಇತ್ತು. ಅವಳು ಅದನ್ನು ಲಗತ್ತಿಸಿ ಉತ್ತರ ಬರೆದಳು: "ಮರುಪರಿಶೀಲನೆ ಮಾಡಲಾಗಿ, ದಾಖಲೆ ಸರಿಯಿದೆಯೆಂದು ಕಂಡುಬಂದಿದೆ." ಮಾಡಿದವರು ಯಾರು, ತಪ್ಪಿದವರು ಯಾರು, ಒಂದೂ ಇಲ್ಲದ ವಾಕ್ಯ. ಎರಡೇ ದಿನಕ್ಕೆ ಮಾರುತ್ತರ ಬಂತು. ಇಷ್ಟು ಸ್ಪಷ್ಟವಾದ ದಾಖಲೆ ತಾನು ನೋಡಿಲ್ಲ, ಬಿಟ್ಟುಹೋಗಿದ್ದನ್ನು ಹುಡುಕಿ ತೆಗೆದ ನಿಮ್ಮ ಕಣ್ಣಿಗೆ ಶರಣು, ಇಬ್ಬರೂ ಸೇರಿ ಪ್ರಬಂಧ ಬರೆಯೋಣ ಎಂದು.

ನಿಮ್ಮ ಕಣ್ಣಿಗೆ ಶರಣು. ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಎದ್ದು, ಒಂಬತ್ತು ತಿಂಗಳಲ್ಲಿ ಮೊದಲ ಸಲ, ಉಗ್ರಾಣಕ್ಕೆ ಹೋದಳು.

ಭಾವ ಸ್ಟೂಲಿನ ಮೇಲೆ ಕೂತು ತಗಡಿನ ಡಬ್ಬಿಗಳಿಗೆ ಸ್ಕ್ರೂಗಳನ್ನು ಅಳತೆ ನೋಡಿ ವಿಂಗಡಿಸುತ್ತಿದ್ದರು. ಕೋಣೆಯಲ್ಲಿ ಒಂದೇ ಕಿಟಕಿ, ಅದೂ ಮೇಲೆ. ಅವಳನ್ನು ನೋಡಿ ಎದ್ದು ನಿಂತರು.

"ಕೂತ್ಕೊಳ್ಳಿ ಭಾವ. ಅವತ್ತಿನ ದಾಖಲೆ ಸರಿ ಇತ್ತಂತೆ. ಸಮುದ್ರದಾಚೆ ಕೇಂದ್ರದಿಂದ ಬರೆದಿದಾರೆ. ಅಲ್ಲೂ ಹಾಗೇ ಆಗಿತ್ತಂತೆ" ಅಂದಳು.

"ಹೌದಾ."

"ಅಂದ್ರೆ ನಿಮ್ಮದೇನೂ ತಪ್ಪಿರಲಿಲ್ಲ ಅಂತ ಈಗ ಗೊತ್ತಾಯ್ತು."

ಭಾವ ಒಂದು ಸ್ಕ್ರೂವನ್ನು ಬೆರಳಲ್ಲಿ ತಿರುಗಿಸಿದರು. "ಈಗ ಗೊತ್ತಾಯ್ತಾ?" ಎಂದು ಕೇಳಿದರು.

ಅವಳು ಡಬ್ಬಿಗಳ ಕಡೆ ನೋಡಿದಳು.

"ಅವತ್ತು ನಾಲ್ಕು ಗಂಟೆಗೆ ನಾನು ನಿನ್ನ ಕೋಣೆ ಬಾಗಿಲಿಗೆ ಬಂದಿದ್ದೆ. ಗುಡಿಸಲಿನ ಹಾಳೆ ಕಳ್ಸೋಕೆ ಮುಂಚೆ ನಾನೂ ನೋಡಿದ್ನಲ್ಲ, ನಿಂಗೆ ತೋರಿಸಿ ಹೇಳೋಣ ಅಂತ ಬಂದೆ. ಬಂದ್ರೆ ನೀನೇ ನೋಡ್ತಾ ಇದ್ದೆ. ಸರಿ, ನಮ್ಮ ಹುಡುಗಿಗೆ ಗೊತ್ತಾಯ್ತು ಅಂತ ಸಂತೋಷ ಆಯ್ತು. ಆಮೇಲೆ ನೀನು ಅದನ್ನ ಮಡಚಿ ಒಳಗಿಟ್ಟೆ."

ಉಗ್ರಾಣದ ನೆಲ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ. ಒಂಬತ್ತು ತಿಂಗಳು ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಗುಟ್ಟು ಪಕ್ಕದ ಮನೆಯಲ್ಲಿ, ಊಟದ ಮೇಜಿನೆದುರು, ಈ ಸ್ಕ್ರೂ ಡಬ್ಬಿಗಳ ನಡುವೆ ಕೂತೇ ಇತ್ತು.

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನಾವು ಸಾಕಿದ ಮಗು ಹೀಗೆ ಮಾಡ್ತು ಅಂತ ಹೇಳ್ಕೊಂಡು ತಿರುಗ್ಲಾ?" ಭಾವ ಸ್ಕ್ರೂವನ್ನು ಡಬ್ಬಿಗೆ ಹಾಕಿದರು. "ತಪ್ಪು ಓದಿದ್ದಿದ್ರೆ ನಂಗೇನೂ ಅನ್ನಿಸ್ತಿರಲಿಲ್ಲ. ನಾನೂ ಎಷ್ಟೋ ಸಲ ತಪ್ಪು ಓದಿದೀನಿ. ಜನರೆದುರು ಅಂದಿದ್ದೂ ಹೋಗ್ಲಿ, ಗಾಬರೀಲಿ ನಾಲಿಗೆ ಜಾರುತ್ತೆ. ಸರಿಯಾಗೇ ಓದಿ ಸುಮ್ಮನಾದ್ಯಲ್ಲ, ಅದು ನಂಗೆ ಅರ್ಥ ಆಗ್ಲಿಲ್ಲ. ಅದನ್ನ ನಾನು ಕಲಿಸಿರಲಿಲ್ಲ."

ಕ್ಷಮಿಸಿ ಎಂದು ಹೇಳಲು ಬಂದಿದ್ದಳು. ಆ ಮಾತು ಅಲ್ಲಿ ತೀರಾ ಅಗ್ಗವಾಗಿ ಕಂಡಿತು. ತಲೆ ತಗ್ಗಿಸಿಕೊಂಡು ಹೊರಬಂದಳು. ಅವತ್ತು ಮುಂದಿನ ಬಾಗಿಲಿನಿಂದಲೇ ಬಂದಳು.

ಕೋಣೆಗೆ ಬಂದು ಮೂರು ಸಲ ಬರೆದು ಹರಿದು, ನಾಲ್ಕನೆಯ ಸಲ ನೇರವಾಗಿ ಬರೆದಳು. ಯಂತ್ರದಲ್ಲಿ ದೋಷವಿರಲಿಲ್ಲ. ಮೆಕ್ಯಾನಿಕ್ ಅವರು ಆಗಲೇ ಸರಿಯಾಗಿ ಹೇಳಿದ್ದರು. ಅದು ಸರಿಯೆಂದು ಅದೇ ದಿನ ನಾಲ್ಕು ಗಂಟೆಗೆ ನನಗೆ ತಿಳಿದಿತ್ತು. ತಿಳಿದೂ ಅವರ ಮೇಲೆ ದೂರು ಬರೆದೆ. "ತಿಳಿದೂ" ಎಂಬ ಮಾತನ್ನು ಹೊಡೆದುಹಾಕಲು ಪೆನ್ನು ಎರಡು ಸಲ ಅದರ ಮೇಲೆ ಹೋಯಿತು; ಬಿಟ್ಟಳು. ಒಂದು ಪ್ರತಿ ಪ್ರಧಾನ ಕಚೇರಿಗೆ, ಒಂದು ಪರಿಶೀಲನಾ ತಂಡದ ಹಿರಿಯರಿಗೆ, ಒಂದು ಆ ಸಂಶೋಧಕಿಗೆ. ಮರುದಿನ ಹತ್ತು ಗಂಟೆಗೆ ಸಿಬ್ಬಂದಿಯನ್ನೆಲ್ಲ ಯಂತ್ರದ ಕೋಣೆಗೆ ಕರೆದು ಅದನ್ನೇ ಗಟ್ಟಿಯಾಗಿ ಓದಿದಳು. ಆ ಮಾತು ಆಡಿದ್ದ ಜಾಗದಲ್ಲೇ ನಿಂತು ಓದಬೇಕೆನ್ನಿಸಿತ್ತು. ಎರಡನೆಯ ಸಾಲಿಗೇ ತಡವರಿಸಿ ಮತ್ತೆ ಮೊದಲಿನಿಂದ ಓದಬೇಕಾಯಿತು. ಟೈಪಿಸ್ಟು ನೀರು ತಂದುಕೊಟ್ಟಳು. ಯಾರೂ ಅವಳ ಮುಖ ನೋಡಲಿಲ್ಲ. ಭಾವ ಹಿಂದಿನ ಸಾಲಿನಲ್ಲಿ ನಿಂತು ಕೇಳಿ, ಮುಗಿದ ಮೇಲೆ, "ಉಗ್ರಾಣದ ಬೀಗ ಹಾಕಿಲ್ಲ" ಎಂದು ಹೊರಟುಹೋದರು.

ಪ್ರಧಾನ ಕಚೇರಿ ವಿಚಾರಣೆ ಮಾಡಿತು. ಅವಳಿಂದ ಉಸ್ತುವಾರಿ ತೆಗೆದು ಬೇರೆಯವರಿಗೆ ಕೊಟ್ಟಿತು. ಬರಿಯ ಸಂಶೋಧಕಿಯಾಗಿ ಉಳಿದಳು. ಭಾವನ ಮೇಲಿನ ಆದೇಶ ರದ್ದಾಯಿತು. ನಿವೃತ್ತಿಗೆ ಎಂಟು ತಿಂಗಳಿತ್ತು. ಅವರು ಯಂತ್ರದ ಕೋಣೆಗೆ ವಾಪಸು ಬಂದ ದಿನ ಮೊದಲು ಮಾಡಿದ ಕೆಲಸ, ತಾವಿಲ್ಲದಾಗ ಯಾರೋ ಅಡ್ಡಾದಿಡ್ಡಿ ಎಳೆದಿದ್ದ ವೈರುಗಳನ್ನೆಲ್ಲ ಬಿಚ್ಚಿ ನೆಟ್ಟಗೆ ಕಟ್ಟಿದ್ದು. ಅವಳೊಡನೆ ಕೆಲಸದ ಮಾತಷ್ಟೇ ಆಡುತ್ತಿದ್ದರು. ಅದರಲ್ಲಿ ಕೊಂಕಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಪ್ರಬಂಧ ಅಚ್ಚಾಗಿ ಬಂದಾಗ ಅದರಲ್ಲಿ ಮೂರು ಹೆಸರಿದ್ದವು. ಅವಳು ಅದನ್ನು ತಂದು ಅವರ ಮೇಜಿನ ಮೇಲಿಟ್ಟಳು. ಭಾವ ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಕಾಗುಣಿತ ನೋಡಿದರು, ಚಿತ್ರಗಳನ್ನು ನೋಡಿದರು, ಕೊನೆಗೆ, "ಎಲ್ಲೂ ಚಾಪೆ ಅಂತ ಬರೆದೇ ಇಲ್ವಲ್ಲ" ಅಂದರು. ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಯಾವುದನ್ನೂ ಅವರೆದುರು ತೋರಿಸಲು ಮುಖವಿಲ್ಲದೆ ಕಿಟಕಿಯ ಕಡೆ ತಿರುಗಿದಳು.

ನಿವೃತ್ತಿಯ ದಿನ ಸಣ್ಣ ಸಭೆಯಾಯಿತು. ಭಾವ ಎರಡೇ ವಾಕ್ಯ ಮಾತಾಡಿದರು: ಯಂತ್ರ ಸುಸ್ಥಿತಿಯಲ್ಲಿದೆ, ಬಿಡಿಭಾಗಗಳ ಪಟ್ಟಿ ಗೋಡೆಗೆ ಅಂಟಿಸಿದೆ. ಸಭೆ ಮುಗಿದು ಅವರು ಗೆಳೆಯರೊಡನೆ ಹಿಂದುಳಿದರು. ಅಕ್ಕನೂ ಅವಳೂ ಮನೆಯ ಕಡೆ ನಡೆದರು. ಬಿಸಿಲು ಇಳಿಯುತ್ತಿತ್ತು. ಅಕ್ಕ ಈ ಒಂದೂವರೆ ವರ್ಷದಲ್ಲಿ ಆ ವಿಷಯ ಎತ್ತಿರಲೇ ಇಲ್ಲ.

"ಅವರು ದ್ವೇಷ ಇಟ್ಕೊಳ್ಳೋ ಜಾತಿ ಅಲ್ಲ. ಅವರಿಗೆ ಹೋಯ್ತು ಅದು" ಅಂದಳು ಅಕ್ಕ, ನಡೆಯುತ್ತಲೇ.

"ನಿಂಗೆ?"

"ನಂಗೆ ಹೋಗಿಲ್ಲ. ಆ ಒಂಬತ್ತು ತಿಂಗಳು ಮನುಷ್ಯ ಮನೆಗೆ ಬಂದು ಕೈ ತೊಳ್ಕೊಂಡು ಕಿಟಕಿ ಹತ್ರ ಸುಮ್ನೆ ಕೂರ್ತಿದ್ರು. ಏನಾಯ್ತು ಅಂದ್ರೆ ಏನಿಲ್ಲ ಅಂತಿದ್ರು. ನಿನ್ನ ಹೆಸರು ಬಾಯಿಗೆ ಬರ್ದೇ ಇರೋ ಹಾಗೆ ನೋಡ್ಕೊಂಡ್ರು. ಅದನ್ನೆಲ್ಲ ನೋಡಿದ್ದು ನಾನು. ನೀನು ಅವರ ಹತ್ರ ಒಪ್ಕೊಂಡೆ, ಊರವರ ಹತ್ರ ಒಪ್ಕೊಂಡೆ. ನನ್ನ ಹತ್ರ ಬರಲೇ ಇಲ್ಲ."

ಅವಳು ದಾರಿಯಲ್ಲೇ ನಿಂತಳು. ನಿಜ, ಬಂದಿರಲಿಲ್ಲ. ಅಕ್ಕನ ಬಾಗಿಲು ತನಗೆ ಯಾವಾಗಲೂ ತೆರೆದೇ ಇರುತ್ತದೆಂದು ಅಂದುಕೊಂಡಿದ್ದಳು. "ತಪ್ಪಾಯ್ತು ಅಕ್ಕಾ" ಎಂದಳು.

ಅಕ್ಕ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ನಂಗೆ ಇನ್ನೂ ಸ್ವಲ್ಪ ದಿನ ಬೇಕು. ಎಷ್ಟು ಅಂತ ಕೇಳ್ಬೇಡ. ಅಲ್ಲೀವರೆಗೂ ನೀನು ಕೆಲಸ ಇದೆ ಅಂತ ನೆಪ ಹೇಳ್ಬೇಡ, ಭಾನುವಾರ ಬಾ."

ಭಾನುವಾರ ಅವಳು ಹೋದಳು. ಅಕ್ಕ ಬಾಗಿಲು ತೆರೆದು, ಕತ್ತರಿಸಲು ತರಕಾರಿಯ ಬುಟ್ಟಿಯನ್ನು ಅವಳ ಮುಂದಿಟ್ಟು ಒಳಗೆ ಹೋದಳು. ಅವಳು ಕೂತು ಕತ್ತರಿಸತೊಡಗಿದಳು.